ಕರಗದೆಯೇ ಆವಿಯಾಗುವ ಮಂಜುಗಡ್ಡೆ

ಅಲ್ ಗರಾಫಾ: ಊರಿಂದ ತಂದ ಅವರೆಕಾಳನ್ನು ಸರಿಯಾಗಿ ಕಟ್ಟದೆ ಫ್ರೀಜರಿನಲ್ಲಿಟ್ಟಿದ್ದೆವು. ತಿಂಗಳುಗಳ ನಂತರ ನೋಡಿದರೆ ಮೇಲಿನ ಕಾಳುಗಳು ಬಿಳಿಚಿ ಒಣಗಿದ್ದವು. ಕಾಳಿನೊಳಗಿನ ಮಂಜು ನೀರಾಗದೆ ನೇರವಾಗಿ ಆವಿಯಾಗಿತ್ತು. ದೇವರಮನೆಯ ಕರ್ಪೂರ ಹಚ್ಚದೆಯೇ ಸವೆಯುವುದೂ ಹೀಗೆಯೇ. ವಿಜ್ಞಾನದಲ್ಲಿ ಇದಕ್ಕೆ ಉತ್ಪತನ ಎನ್ನುತ್ತಾರೆ.

ಫ್ರೀಜ್ ಡ್ರೈಯಿಂಗ್ ಯಂತ್ರ ಇದನ್ನೇ ಬೇಗ ಮಾಡುತ್ತದೆ. ಆಹಾರವನ್ನು ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿಯನ್ನು ಹೊರಗೆಳೆಯುತ್ತಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಅದು 6ಕ್ಕಿಂತ ಕೆಳಗಿಳಿದರೆ ನೀರು ದ್ರವವಾಗಿ ಇರಲಾರದು. ಆಗ ಮೆಲ್ಲನೆ ಶಾಖ ಕೊಟ್ಟರೆ ಮಂಜು ಆವಿಯಾಗಿ ಹೊರಟು, ಅತಿ ತಣ್ಣನೆಯ ಕೊಳವೆಗಳ ಮೇಲೆ ಮತ್ತೆ ಮಂಜಾಗಿ ಕೂರುತ್ತದೆ. ಮಂಜಿದ್ದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಆದ್ದರಿಂದಲೇ ಬಿಸಿನೀರು ಹಾಕಿದೊಡನೆ ತಿನಿಸು ಮೊದಲಿನ ರೂಪಕ್ಕೆ ಬರುತ್ತದೆ.

ನಮ್ಮ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರ ಊಟಕ್ಕಾಗಿ ಈ ವಿಧಾನದ ಮೇಲೆ ಕೆಲಸ ಮಾಡಿದೆ.

ಒಂದು ಎಚ್ಚರಿಕೆ: ಈ ವಿಧಾನ ಎಲ್ಲ ಕ್ರಿಮಿಗಳನ್ನೂ ಕೊಲ್ಲುವುದಿಲ್ಲ, ನೀರಿಲ್ಲದೆ ಅವು ಸುಮ್ಮನಿರುತ್ತವೆ ಅಷ್ಟೆ. ಕತಾರಿನ ಆಗಸ್ಟ್ ತಿಂಗಳ ತೇವದ ಗಾಳಿಯಲ್ಲಿ ಪೊಟ್ಟಣವನ್ನು ತೆರೆದಿಡಬೇಡಿ. ನೀರು ಬೆರೆಸಿದ ಮೇಲೆ ತಾಜಾ ಅಡುಗೆಯಂತೆಯೇ ಬೇಗ ಊಟ ಮಾಡಿ ಮುಗಿಸಿ. ಅವರೆಕಾಳನ್ನು ಮಾತ್ರ ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿಡಿ!