ಕೊಂಬಿನ ಕವಲು ಎಣಿಸುವ ಕಾನೂನು

ಅಮೆರಿಕದ ಕೊಲರಾಡೋ ರಾಜ್ಯದ ರಾಕಿ ಪರ್ವತಶ್ರೇಣಿ. ಅಕ್ಟೋಬರ್ ತಿಂಗಳ ನಸುಕು. ಪೈನ್ ಮರಗಳ ಸಂದಿಯಲ್ಲಿ ಗಂಡು ಎಲ್ಕ್ ಒಂದು ತಲೆಯೆತ್ತಿ ನಿಂತಿದೆ. ಬೇಟೆಗಾರನ ಬಳಿ ಪರವಾನಗಿಯೂ ಬಂದೂಕೂ ಇವೆ. ಆದರೂ ಅವನು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ದುರ್ಬೀನು. ಆ ಪ್ರಾಣಿಯ ಕೊಂಬಿನಲ್ಲಿ ಕವಲುಗಳೆಷ್ಟು ಎಂದು ಎಣಿಸಬೇಕು. ಎಣಿಕೆ ತಪ್ಪಿದರೆ ಅವನ ಬೇಟೆಯೇ ಅಪರಾಧವಾಗುತ್ತದೆ.

ಎಲ್ಕ್ ನಮ್ಮ ಕಡವೆಯ ದೂರದ ಬಂಧು. ಬಲಿತ ಗಂಡಿನ ತೂಕ 300 ಕಿಲೋಗ್ರಾಂ ದಾಟುವುದುಂಟು. ಹಸು, ಆಡುಗಳ ಕೊಂಬು ಜೀವಮಾನವಿಡೀ ಉಳಿಯುತ್ತದೆ. ಜಿಂಕೆಯ ಕುಲದ ಕವಲುಗೊಂಬಾದರೋ ಅಚ್ಚ ಮೂಳೆ, ಕಳಚಿ ಬಿದ್ದು ಮರಳಿ ಬೆಳೆಯುವಂಥದು. (ವಯನಾಡು, ನೀಲಗಿರಿಯ ಕಾಡಂಚಿನ ಮಕ್ಕಳು ಕಡವೆಯ ಉದುರಿದ ಕೊಂಬನ್ನು ಕಂಡಾರು, ಅದನ್ನು ಹೆಕ್ಕಿ ಮನೆಗೆ ತರುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.) ಎಲ್ಕ್ ಚಳಿಗಾಲದ ಕೊನೆಗೆ ಕೊಂಬು ಕಳಚಿಕೊಂಡು, ಬೇಸಗೆಯಲ್ಲಿ ಮಖಮಲ್ಲಿನಂಥ ಚರ್ಮದ ಹೊದಿಕೆಯೊಳಗೆ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಒಂದೂವರೆ ವರ್ಷದ ಗಂಡಿಗೆ ಸಾಮಾನ್ಯವಾಗಿ ಕವಲಿಲ್ಲದ ಎರಡು ಕಡ್ಡಿಗಳಷ್ಟೆ. ಬಲಿತ ಗಂಡಿಗೆ ಬದಿಗೊಂದರಂತೆ ಆರಾರು ಕವಲುಗಳು. ಕವಲಿನ ಎಣಿಕೆಯಿಂದ ವಯಸ್ಸನ್ನು ನಿಖರವಾಗಿ ಹೇಳಲಾಗದು. ಆದರೆ ಎಳೆಯದನ್ನೂ ಬಲಿತದ್ದನ್ನೂ ಬೇರ್ಪಡಿಸಲು ಅದು ಸಾಕು.

ಕೊಲರಾಡೋದ ಬಹುತೇಕ ಬೇಟೆಯ ವಿಭಾಗಗಳಲ್ಲಿ, ಕೊಲ್ಲಬಹುದಾದ ಗಂಡಿಗೆ ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 4 ಕವಲುಗಳಿರಬೇಕು. ಇಲ್ಲವೇ ಕೊಂಬಿನ ಕೆಳಗಿನ ಅರ್ಧದಲ್ಲಿ, ಹಣೆಯ ಮೇಲೆ ಮುಂಚಾಚುವ ಹುಬ್ಬುಕವಲು ಕನಿಷ್ಠ 5 ಇಂಚು ಉದ್ದವಿರಬೇಕು. ಕವಲೆಂದರೇನೆಂಬುದಕ್ಕೂ ವ್ಯಾಖ್ಯೆಯಿದೆ: ಕನಿಷ್ಠ 1 ಇಂಚು ಉದ್ದ, ಮತ್ತು ಬುಡದ ಅಗಲಕ್ಕಿಂತ ಹೆಚ್ಚು ನೀಳ. ಅದಕ್ಕಿಂತ ಮೋಟಾದದ್ದು ಬರಿಯ ಗಂಟು. ಕೊಂಬಿನ ಮುಖ್ಯ ದಂಡದ ತುದಿಯೂ ಒಂದು ಕವಲೆಂದೇ ಲೆಕ್ಕ. ಹೊಸಬರು ಮರೆಯುವುದು ಇದನ್ನೇ.

ಇನ್ನೊಂದು ತೊಡಕೂ ಇದೆ. ಪೂರ್ವದ ರಾಜ್ಯಗಳ ಬೇಟೆಗಾರರು ಎರಡೂ ಬದಿಯ ಕವಲುಗಳನ್ನು ಕೂಡಿಸಿ ಹೇಳುತ್ತಾರೆ. ಪಶ್ಚಿಮದವರು ಒಂದೇ ಬದಿಯದನ್ನು ಹೇಳುತ್ತಾರೆ. ಅಲ್ಲಿಯ ಎಂಟು ಇಲ್ಲಿಯ ನಾಲ್ಕು. ನಮ್ಮ ನಾಡಿನ ಬಾರಾಸಿಂಘ, ಅಂದರೆ ಹನ್ನೆರಡು ಕೊಂಬಿನದು, ಎಂಬ ಹೆಸರು ಪೂರ್ವದವರ ಲೆಕ್ಕದ್ದು.

ಇಷ್ಟೆಲ್ಲ ಏಕೆ? ಬೇಟೆಗಾರರು ಕಂಡ ಕಂಡ ಗಂಡನ್ನೆಲ್ಲ ಹೊಡೆದಾಗ ಹಿಂಡಿನಲ್ಲಿ ಉಳಿಯುವುದು ಎಳೆಯವೇ. ಒರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಎಳೆಯ ಗಂಡುಗಳ ಬದಲು ಐದು ವರ್ಷದ ಗಂಡುಗಳು ಕೂಡಿದಾಗ ಹೆಣ್ಣುಗಳು ಸುಮಾರು ಎರಡು ವಾರ ಮುಂಚೆ ಗರ್ಭ ಧರಿಸಿದವು. ಆ ಎರಡು ವಾರ ಸಣ್ಣ ಮಾತಲ್ಲ. ಬೇಗ ಹುಟ್ಟಿದ ಕರುವಿಗೆ ಹಿಮ ಬೀಳುವ ಮುನ್ನ ಮೈ ತುಂಬಿಕೊಳ್ಳಲು ಹೆಚ್ಚು ದಿನ ಸಿಗುತ್ತದೆ. ತಡವಾಗಿ ಹುಟ್ಟಿದ್ದು ಸಣಕಲಾಗಿಯೇ ಚಳಿಗಾಲವನ್ನು ಎದುರಿಸಬೇಕಾಗುತ್ತದೆ.

ಆದರೂ ಈ ಕಾನೂನು ನಿರ್ದೋಷಿಯಲ್ಲ. ನಾಲ್ಕನೆಯ ಕವಲು ಮೂಡಿದೊಡನೆ ಎಲ್ಲ ಬಂದೂಕುಗಳೂ ಅದರತ್ತ ತಿರುಗುತ್ತವೆ. ಎಳೆಯದು ಉಳಿಯುತ್ತದೆ, ಬಲಿಯಲು ಬಿಡುವಿಲ್ಲ. ಮಂಜಿನಲ್ಲಿ, ಕೊಂಬೆಗಳ ಮರೆಯಲ್ಲಿ ಎಣಿಕೆ ತಪ್ಪುವುದೂ ಉಂಟು. ಆಗ ನಿಷಿದ್ಧ ಪ್ರಾಣಿ ಸತ್ತು ಬೀಳುತ್ತದೆ. ತಪ್ಪು ಮಾಡಿದವನು ತಾನಾಗಿಯೇ ಅಧಿಕಾರಿಗೆ ತಿಳಿಸುವುದು ಒಂದು ದಾರಿ. ಮಾಂಸವನ್ನು ಕೊಳೆಯಲು ಬಿಟ್ಟು ಓಡಿಹೋಗುವುದು ಇನ್ನೊಂದು, ಮತ್ತು ಅದು ಎರಡನೆಯ ಅಪರಾಧ.

ರಾಜ್ಯ ಬದಲಾದರೆ ಅಳತೆಯೂ ಬದಲು. ಮೊಂಟಾನಾದಲ್ಲಿ ಅನೇಕ ಕಡೆ ಕೊಂಬಿನ ಕೆಳಗಿನ ಅರ್ಧದಲ್ಲಿ 4 ಇಂಚಿನ ಒಂದು ಕವಲು ಕಂಡರೆ ಸಾಕು. ವಾಷಿಂಗ್ಟನ್ ರಾಜ್ಯದ್ದು ಇನ್ನೂ ವಿಚಿತ್ರ. ಅದರ ಪಶ್ಚಿಮ ಭಾಗದಲ್ಲಿ ಸಾಮಾನ್ಯವಾಗಿ ಕನಿಷ್ಠ 3 ಕವಲು ಬೇಕು; ಪೂರ್ವ ಭಾಗದ ಹೆಚ್ಚಿನ ಕಡೆ ಸಾಮಾನ್ಯ ಪರವಾನಗಿಯವರು ಕವಲಿಲ್ಲದ ಎಳೆಯದನ್ನಷ್ಟೇ ಹೊಡೆಯಬಹುದು, ಬಲಿತದ್ದಕ್ಕೆ ಚೀಟಿಯೆತ್ತಿ ಪಡೆದ ವಿಶೇಷ ಅನುಮತಿ ಬೇಕು. ಪರ್ವತದ ಒಂದು ಮಗ್ಗುಲಲ್ಲಿ ಬಿಡಬೇಕಾದದ್ದನ್ನೇ ಇನ್ನೊಂದು ಮಗ್ಗುಲಲ್ಲಿ ಹೊಡೆಯಬಹುದು.