ಭೂಜಲಮಾಪಕದ ಬ್ಯಾಟರಿ: ಆಯ್ಕೆ ಮತ್ತು ಬದಲಾವಣೆ

ಉದಗೀರ, ನಿಲಂಗಾ, ಉಮರಗಾ ತಾಲೂಕುಗಳ ನೆಲದಡಿಯಲ್ಲಿರುವುದು ಕಪ್ಪು ಬಸಾಲ್ಟ್ ಶಿಲೆ. ಅದರ ಬಿರುಕುಗಳಲ್ಲಿಯೂ ಶಿಥಿಲವಾದ ಪದರಗಳಲ್ಲಿಯೂ ಮಾತ್ರ ನೀರು ನಿಲ್ಲುವುದರಿಂದ ಬಾವಿಗಳು ಮಳೆಗೆ ಬೇಗನೆ ಏರುತ್ತವೆ, ಬರಕ್ಕೆ ಬೇಗನೆ ಬತ್ತುತ್ತವೆ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಿಸಬೇಕಾಯಿತೆಂಬುದನ್ನು ಈ ಸೀಮೆಯವರು ಮರೆಯಲಾರರು. ಅಂತರ್ಜಲದ ಏರಿಳಿತವನ್ನು ಮನುಷ್ಯರ ನೆರವಿಲ್ಲದೆ ಅಳೆದು ಬರೆದಿಡುವ ಯಂತ್ರಗಳಿಗೆ ಡೇಟಾ ಲಾಗರ್ ಎಂದು ಹೆಸರು. 1995ರಲ್ಲಿ ಆರಂಭವಾದ ಜಲವಿಜ್ಞಾನ ಯೋಜನೆಯಡಿ ಮಹಾರಾಷ್ಟ್ರ, ಕರ್ನಾಟಕ ಮುಂತಾದ ರಾಜ್ಯಗಳ ವೀಕ್ಷಣಾ ಬಾವಿಗಳಲ್ಲಿ ಇವನ್ನು ಅಳವಡಿಸಲಾಯಿತು.

ಈ ಯಂತ್ರದ ಪ್ರಾಣವೇ ಬ್ಯಾಟರಿ. ಬ್ಯಾಟರಿ ಅಂಗಡಿಯಲ್ಲಿ ದೊರೆಯುವುದು. ಅದು ಸತ್ತಾಗ ತಪ್ಪಿಹೋದ ಮಳೆಗಾಲದ ಲೆಕ್ಕ ಯಾವ ಬೆಲೆಗೂ ದೊರೆಯದು.

ಬ್ಯಾಟರಿಗಳಲ್ಲಿ ಮುಖ್ಯವಾಗಿ ಮೂರು ಬಗೆ. 1.5 ವೋಲ್ಟಿನ ಆಲ್ಕಲೈನ್ ಕೋಶ ಅಗ್ಗವಾದುದು. ಆದರೆ ಹಳತಾದರೆ ಸೋರಿ ತಂತಿಗಳನ್ನು ಕೆಡಿಸುವುದು. 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಕೋಶ ಬಿಸಿಲನ್ನು ತಾಳುವುದು. ಬಳಸದಿದ್ದರೆ ವರ್ಷಕ್ಕೆ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ಕ್ಷಯಿಸುವುದು. ಅದನ್ನು ಎಂದಿಗೂ ಮರುಚಾರ್ಜು ಮಾಡಕೂಡದು. ಸಂದೇಶ ಕಳುಹಿಸುವ ಮಾಪಕಗಳಿಗೆ ಹೆಚ್ಚು ವಿದ್ಯುತ್ತು ಬೇಕಾಗುವುದರಿಂದ ಸೌರಫಲಕದೊಡನೆ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಯೋಗ್ಯ. ಆದರೆ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುವುದರಿಂದ ಅದನ್ನು ನೆರಳಿನಲ್ಲಿಡಬೇಕು.

ಲೆಕ್ಕ ಸುಲಭ. ಮಾಪಕವು ಸರಾಸರಿ 0.2 ಮಿಲಿಆಂಪಿಯರ್ ಸೆಳೆಯುವುದೆಂದೂ ಕೋಶದ ಶಕ್ತಿ 3000 ಮಿಲಿಆಂಪಿಯರ್-ತಾಸು ಎಂದೂ ಭಾವಿಸೋಣ. ಭಾಗಿಸಿದರೆ 15,000 ತಾಸು, ಅಂದರೆ 625 ದಿವಸ. ಬಿಸಿಲು, ಹಳೆತನಗಳಿಗಾಗಿ ಮೂರನೆಯ ಒಂದು ಪಾಲನ್ನು ಕಳೆದರೆ ಉಳಿಯುವುದು ಸುಮಾರು 416 ದಿವಸ. ಆದುದರಿಂದ ವರ್ಷಕ್ಕೊಮ್ಮೆ, ಮೃಗಶಿರಾ ಮಳೆಗೆ ಮುನ್ನ, ಮೇ ತಿಂಗಳಲ್ಲಿ ಬದಲಿಸುವುದು ಕ್ಷೇಮ. ವೋಲ್ಟ್‌ಮಾಪಕವನ್ನೇ ನಂಬಿ ಕೂಡಬಾರದು. ಲಿಥಿಯಂ ಕೋಶ ಕೊನೆಯವರೆಗೂ ಹೆಚ್ಚುಕಡಿಮೆ ಪೂರ್ಣ ವೋಲ್ಟನ್ನೇ ತೋರಿಸಿ ಒಮ್ಮೆಲೇ ಕುಸಿಯುವುದು.

ಬದಲಿಸುವಾಗ ಮೊದಲು ಸಂಗ್ರಹವಾದ ಅಂಕಿಗಳನ್ನು ನಕಲಿಸಿಕೊಳ್ಳಬೇಕು. ಹಳೆಯ, ಹೊಸ ಕೋಶಗಳನ್ನು ಬೆರಸದೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕು. ಧನ, ಋಣ ಧ್ರುವಗಳನ್ನು ನೋಡಿ ಕೂರಿಸಿ, ತೇವ ಹೋಗದಂತೆ ಮುಚ್ಚಳದ ರಬ್ಬರ್ ಬಳೆಯನ್ನು ಪರೀಕ್ಷಿಸಬೇಕು. ಗಡಿಯಾರವನ್ನು ಸರಿಪಡಿಸಿ, ಮೊದಲ ಅಳತೆಯನ್ನು ಕೈಯಿಂದ ಅಳೆದ ನೀರಿನ ಮಟ್ಟದೊಡನೆ ಹೋಲಿಸಿ, ದಿನಾಂಕವನ್ನು ಕೋಶದ ಮೇಲೂ ದಫ್ತರದಲ್ಲೂ ಬರೆದಿಡಬೇಕು. ಹಳೆಯ ಕೋಶಗಳನ್ನು ಬೆಂಕಿಗಾಗಲಿ ಬಾವಿಗಾಗಲಿ ಎಸೆಯದೆ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಕತ್ತಲಾಗುವ ಮುನ್ನವೇ ಕಂದೀಲಿಗೆ ಎಣ್ಣೆ ಹಾಕುವುದು ನಮ್ಮ ಹಿರಿಯರ ರೂಢಿ. ಅದೇ ಎಚ್ಚರ ಈ ಪುಟ್ಟ ಯಂತ್ರಕ್ಕೂ ಸಲ್ಲಬೇಕು.