ಕಣ್ಣು ಕಾಣುವಾಗಲೇ ಪರದೆಯ ಫೋಟೊ ತೆಗೆಸಿ

ಸಕ್ಕರೆ ಕಾಯಿಲೆ, ಬಿಪಿ ಕಣ್ಣಿನ ಒಳಪರದೆಯ (ರೆಟಿನಾ) ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತವೆ. ಆ ಹಾನಿಯನ್ನು ತೋರಿಸುವುದು ರೆಟಿನಾ ಫೋಟೊ. ಪಾಮನಕಲ್ಲೂರಿನಂಥ ಊರಿನವರು ಈ ಪರೀಕ್ಷೆ ಮುಂದೂಡುವಂತೆ ಮಾಡುವ ತಪ್ಪು ಕಲ್ಪನೆಗಳು ಕೆಲವಿವೆ.

ನಂಬಿಕೆ: “ಕಣ್ಣು ಚೆಂದ ಕಾಣ್ತಾವ, ಪರೀಕ್ಷೆ ಯಾಕ ಬೇಕು?”
ಸತ್ಯ: ಸಕ್ಕರೆ ಕಾಯಿಲೆಯಲ್ಲಿ ಸಣ್ಣ ನಾಳಗಳ ಗೋಡೆ ಅಲ್ಲಲ್ಲಿ ಉಬ್ಬಿ ಸೋರುತ್ತದೆ. ಫೋಟೊದಲ್ಲಿ ಉಬ್ಬುಗಳು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಾಗಿ, ಸೋರಿದ ಕೊಬ್ಬು ಹಳದಿ ಕಲೆಯಾಗಿ ಕಾಣುತ್ತದೆ. ನೋವಿಲ್ಲ, ಉರಿಯಿಲ್ಲ. ಪರದೆಯ ನಡುಭಾಗ ಬಾತುಕೊಳ್ಳುವವರೆಗೆ ಅಥವಾ ಕಣ್ಣೊಳಗೆ ರಕ್ತ ಸೋರುವವರೆಗೆ ದೃಷ್ಟಿ ಚೆನ್ನಾಗಿಯೇ ಇರಬಹುದು. ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು.

ನಂಬಿಕೆ: “ಮಬ್ಬಾದ್ರ ಪೊರೆ ಬಂದಂಗ, ಆಪರೇಷನ್ ಮಾಡಿಸಿದ್ರ ಆತು.”
ಸತ್ಯ: ಪೊರೆ ಬರುವುದು ಮಸೂರಕ್ಕೆ, ಈ ಕಾಯಿಲೆ ಹಿಂದಿನ ಪರದೆಯದ್ದು. ಒಂದೇ ಕಣ್ಣು ನೋವಿಲ್ಲದೆ ದಿಢೀರನೆ ಮಬ್ಬಾದರೆ ರಕ್ತನಾಳ ಕಟ್ಟಿಕೊಂಡಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಅಭಿಧಮನಿ ಕಟ್ಟಿದ್ದರೆ ಫೋಟೊದಲ್ಲಿ ಬೆಂಕಿಯ ನಾಲಗೆಯಂಥ ರಕ್ತದ ಕಲೆಗಳಿರುತ್ತವೆ. ಸೋರುವ ಜಾಗ ಹುಡುಕಲು ಕೈಯ ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಿ ಆಂಜಿಯೋಗ್ರಫಿ, ಬಾವು ಅಳೆಯಲು ಓಸಿಟಿ ಸ್ಕ್ಯಾನ್ ಮಾಡುತ್ತಾರೆ.

ನಂಬಿಕೆ: “ಅದು ಎಕ್ಸ್‌ರೇ ಇದ್ದಂಗ, ಕಣ್ಣಿಗೆ ಕೆಡುಕು.”
ಸತ್ಯ: ರೆಟಿನಾ ಫೋಟೊಗೆ ಬಳಸುವುದು ಬೆಳಕು ಮಾತ್ರ. ಗದ್ದ ಆನಿಸಿ ಕೂತರೆ ಫಕ್ಕನೆ ಬೆಳಕು ಮಿಂಚುತ್ತದೆ, ಅಷ್ಟೇ. ಪಾಪೆ ಹಿಗ್ಗಿಸುವ ಹನಿ ಹಾಕಿದ್ದರೆ ಕೆಲವು ತಾಸು ಮಬ್ಬಿರುತ್ತದೆ; ಬೈಕ್ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ.

ನಂಬಿಕೆ: “ದೊಡ್ಡ ಡಾಕ್ಟರು ಇದ್ದಲ್ಲೇ ಹೋಗಬೇಕು.”
ಸತ್ಯ: ಫೋಟೊ ಒಂದು ಊರಲ್ಲಿ ತೆಗೆದು ಇನ್ನೊಂದು ಊರಲ್ಲಿ ನೋಡಬಹುದೆಂದು ಕರ್ನಾಟಕವೇ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ರೆಟಿನಾ ಚಿತ್ರ ತೆಗೆಯುತ್ತಾರೆ. ದೂರದ ತಜ್ಞರು ಇಂಟರ್ನೆಟ್‌ನಲ್ಲಿ ಅವನ್ನು ನೋಡುತ್ತಾರೆ. ಆ ಕೂಸುಗಳಲ್ಲೂ ರೆಟಿನಾದ ನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಕೂಸಿಗೆ 30 ದಿನದೊಳಗೆ ಈ ಪರೀಕ್ಷೆ ಆಗಲೇಬೇಕು.

ನಂಬಿಕೆ: “ಕಾಣೂದು ಕಡಿಮಿ ಆದ ಮ್ಯಾಲ ಲೇಸರ್ ಐತಲ್ಲ.”
ಸತ್ಯ: ಲೇಸರ್ ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯುತ್ತದೆ, ಹೋದದ್ದೆಲ್ಲ ಮರಳುವುದಿಲ್ಲ. ಮಸ್ಕಿಗೋ ಲಿಂಗಸುಗೂರಿಗೋ ಶುಗರ್ ತಪಾಸಣೆಗೆ ಹೋದಾಗ, “ಕಣ್ಣಿನ ಪರದೆ ಫೋಟೊ ಎಲ್ಲಿ ತೆಗಸಬೇಕ್ರಿ?” ಎಂದು ನೀವೇ ಬಾಯಿಬಿಟ್ಟು ಕೇಳಿ.